ಯಾವ ‘ಅವರು’?

ಪ್ರಶ್ನೆ: ನನಗೆ 51 ವರ್ಷ. ಗಂಡ ತೀರಿಕೊಂಡು 4 ವರ್ಷ ಆಯ್ತು. ಒಬ್ಬಳೇ ಮಗಳು, ಕೆಲಸಕ್ಕೆ ಅಂತ ದೂರದ ಊರಲ್ಲಿದ್ದಾಳೆ. ಮನೆಯಲ್ಲಿ ನಾನು ಮತ್ತು ಕರಿಯ ಇಬ್ಬರೇ. ಕರಿಯ ನನ್ನ ಗಂಡ ತಂದು ಸಾಕಿದ ನಾಯಿ, ಈಗ ಅವನಿಗೆ 10 ವರ್ಷ. ಅವರು ಹೋದ ಮೇಲೆ ಎಷ್ಟೋ ದಿನ ಅವರ ಚಪ್ಪಲಿ ಪಕ್ಕದಲ್ಲೇ ಮಲಗುತ್ತಿದ್ದ. ಇವನನ್ನು ಹೊರಗೆ ಕರೆದುಕೊಂಡು ಹೋಗಲೇಬೇಕಲ್ಲ ಅನ್ನೋ ಒಂದೇ ಕಾರಣಕ್ಕೆ ನಾನು ಬೆಳಿಗ್ಗೆ ಏಳುತ್ತಿದ್ದೆ. ಎಂಟು ತಿಂಗಳ ಹಿಂದೆ ಅದೇ ದಾರಿಯಲ್ಲಿ, ಗುಂಡ ಅನ್ನೋ ನಾಯಿ ಜೊತೆ ಬರುವವರೊಬ್ಬರ ಪರಿಚಯ ಆಯ್ತು. ವಯಸ್ಸು 56–57 ಇರಬಹುದು. ಡೈವೋರ್ಸ್ ಆಗಿ ತುಂಬಾ ವರ್ಷ ಆಗಿದೆಯಂತೆ. ಮೊದಲು ನಾಯಿಗಳ ಮಾತು, ಆಮೇಲೆ ಬೇರೆ ಮಾತು. ಒಂದು ದಿನ ಮಳೆಯಲ್ಲಿ ನಾನು ಜಾರಿ ಬಿದ್ದೆ, ಕರಿಯನ ಹಗ್ಗ ಕೈಬಿಟ್ಟು ಹೋಯಿತು. ಅವರು ಮೊದಲು ಹಗ್ಗದ ತುದಿಯನ್ನು ಕಾಲಲ್ಲಿ ತುಳಿದು ಹಿಡಿದರು, ಆಮೇಲೆ ನನ್ನ ಪಕ್ಕ ಬಂದು ಕೂತರು. ಎಬ್ಬಿಸಲಿಲ್ಲ. ‘ಆತುರ ಇಲ್ಲ’ ಅಂದರು, ಅಷ್ಟೇ. ಅವತ್ತಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಹೋದ ವಾರ ಅವರು, ‘ಒಂದು ದಿನ ನಾಯಿಗಳನ್ನೂ ಕರೆದುಕೊಂಡು ಎಲ್ಲಾದರೂ ಕೂತು ನಿಧಾನವಾಗಿ ಮಾತಾಡೋಣವಾ’ ಅಂತ ಕೇಳಿದರು. ನಾನು ಉತ್ತರ ಕೊಟ್ಟಿಲ್ಲ. ಇದು ಪ್ರೀತಿಯಾ, ಇಲ್ಲ ಒಂಟಿತನವಾ? ಕರಿಯ ಅವರನ್ನು ಕಂಡರೆ ಕುಣಿಯುತ್ತಾನೆ, ಹಾಗಾದರೆ ಅವರು ಒಳ್ಳೆಯವರೇ ಇರಬೇಕು ಅಲ್ವಾ? ನನ್ನ ಗಂಡನಿಗೆ ನಾನು ಮೋಸ ಮಾಡುತ್ತಿದ್ದೇನಾ? ಮಗಳಿಗೆ ಏನು ಹೇಳಲಿ? ಇದು ಸರಿಹೋಗದಿದ್ದರೆ ಆ ಬೆಳಗಿನ ವಾಕಿಂಗೂ ಕಳೆದುಹೋಗುತ್ತದೆ ಅನ್ನೋ ಭಯ ಬೇರೆ.

ಉತ್ತರ:

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಪೂರ್ತಿ ಓದಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಒಂದು ಸಣ್ಣ ವಿಷಯ. ಕರಿಯನ ಹೆಸರು ಪುಟ ಪುಟದಲ್ಲೂ ಇದೆ. ಗುಂಡನ ಹೆಸರೂ ಇದೆ. ಗುಂಡನ ಹಗ್ಗ ಹಿಡಿದುಕೊಂಡು ಬರುವವರ ಹೆಸರು ಮಾತ್ರ ಎಲ್ಲೂ ಇಲ್ಲ, ಬರೀ ‘ಅವರು’. ನಿಮ್ಮ ಗಂಡನನ್ನೂ ನೀವು ‘ಅವರು’ ಅಂತಲೇ ಬರೆದಿದ್ದೀರಿ. ಮೂರನೇ ಪುಟದಲ್ಲಿ ಒಂದು ಕಡೆ ‘ಅವರು ನಕ್ಕರೆ ಕರಿಯ ಕಿವಿ ನಿಮಿರಿಸುತ್ತಾನೆ’ ಅಂತ ಇದೆ. ಇದು ಯಾವ ‘ಅವರು’ ಅಂತ ನಾನು ಎರಡು ಸಲ ಹಿಂದಕ್ಕೆ ಹೋಗಿ ಓದಿದೆ. ಕೊನೆಗೂ ಗೊತ್ತಾಗಲಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಈ ಮಾತಿಗೆ ಮತ್ತೆ ಬರುತ್ತೇನೆ.

ಮೊದಲು ನೇರವಾದ ಉತ್ತರ ಹೇಳಿಬಿಡುತ್ತೇನೆ. ಅವರು ಕರೆದ ಮಾತಿಗೆ ‘ಆಯ್ತು’ ಅನ್ನಿ. ಆದರೆ ಕರಿಯನನ್ನು ಮನೆಯಲ್ಲಿ ಬಿಟ್ಟು ಹೋಗಿ. ಗುಂಡನನ್ನೂ ಬಿಟ್ಟು ಬನ್ನಿ ಅಂತ ಅವರಿಗೆ ಹೇಳಿ. ಎಂಟು ತಿಂಗಳಲ್ಲಿ ನೀವಿಬ್ಬರೂ ನಾಯಿಗಳಿಲ್ಲದೆ ಹತ್ತು ನಿಮಿಷ ಜೊತೆಗೆ ಕೂತಿಲ್ಲ. ಅದು ಆಗುವ ತನಕ ಇದು ಪ್ರೀತಿಯಾ ಒಂಟಿತನವಾ ಅಂತ ನೀವೂ ಹೇಳಲಾರಿರಿ, ನಾನೂ ಹೇಳಲಾರೆ.

ಈಗ ವಿವರ. ಕರಿಯ ನಿಮಗೆ ಏನು ಮಾಡಿಕೊಟ್ಟಿದ್ದಾನೆ, ಏನು ಮಾಡಿಕೊಟ್ಟಿಲ್ಲ ಅನ್ನೋದನ್ನು ಬೇರೆ ಬೇರೆ ಮಾಡಿ ನೋಡಬೇಕು.

ಗಂಡನನ್ನು ಕಳೆದುಕೊಂಡವರು, ಡೈವೋರ್ಸ್ ಆದವರು, ಮಕ್ಕಳು ದೂರ ಹೋಗಿ ಮನೆ ಖಾಲಿ ಆದವರು ನನ್ನ ಹತ್ತಿರ ತುಂಬಾ ಜನ ಬರುತ್ತಾರೆ. ನಡುವಯಸ್ಸಿನವರಿಗೆ ಹೊಸಬರ ಪರಿಚಯ ಆಗೋದೇ ಕಷ್ಟ ಅನ್ನೋದು ಅವರೆಲ್ಲರ ಮಾತು. ನಿಜವೇ. 20ರ ವಯಸ್ಸಿನಲ್ಲಿ ಕಾಲೇಜು, ಹೊಸ ಕೆಲಸ, ಗೆಳೆಯರ ಗೆಳೆಯರು ಅಂತ ದಿನಾ ಹೊಸ ಮುಖ ಸಿಗುತ್ತದೆ. 50ರ ಹೊತ್ತಿಗೆ ಗೊತ್ತಿರುವವರೆಲ್ಲ ಹಳಬರು, ಅವರಿಗೆ ಅವರವರ ಸಂಸಾರ. ಸಾವಿನ ಮನೆಯವರನ್ನು ಮೊದಲ ಮೂರು ತಿಂಗಳು ಎಲ್ಲರೂ ಬಂದು ನೋಡಿಕೊಂಡು ಹೋಗುತ್ತಾರೆ, ಆಮೇಲೆ ಫೋನ್ ಕೂಡ ಕಡಿಮೆ ಆಗುತ್ತದೆ. ಇಂಥ ಹೊತ್ತಿನಲ್ಲಿ ಒಬ್ಬ ಮನುಷ್ಯನನ್ನು ದಿನವೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಮಳೆ ಬಿಸಿಲು ನೋಡದೆ ಹೊರಗೆ ಎಳೆದುಕೊಂಡು ಹೋಗುವುದು ಏನಾದರೂ ಇದ್ದರೆ ಅದು ನಾಯಿ. ವ್ಯಾಯಾಮಕ್ಕೆ ಅಂತ ಹೊರಟವರು ನಾಲ್ಕನೇ ದಿನ ಬಿಡುತ್ತಾರೆ. ನಾಯಿ ಬಿಡುವುದಿಲ್ಲ.

ಈ ‘ದಿನವೂ ಅದೇ ಹೊತ್ತಿಗೆ’ ಅನ್ನೋದರಲ್ಲಿ ದೊಡ್ಡ ಗುಟ್ಟಿದೆ. ರಾಬರ್ಟ್ ಝಯೋಂಕ್ ಅನ್ನೋ ಮನಶ್ಶಾಸ್ತ್ರಜ್ಞ 1968ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಮತ್ತೆ ಮತ್ತೆ ಕಣ್ಣಿಗೆ ಬಿದ್ದದ್ದು, ಬೇರೆ ಯಾವ ಕಾರಣವೂ ಇಲ್ಲದೆ, ನಮಗೆ ಇಷ್ಟವಾಗುತ್ತಾ ಹೋಗುತ್ತದೆ ಅನ್ನೋದು ಅದರ ತಿರುಳು. ಅರ್ಥವೇ ಗೊತ್ತಿಲ್ಲದ ಪದಗಳಿಗೂ ಇದು ನಿಜ, ಮುಖಗಳಿಗೂ ನಿಜ. ಆದರೆ ಬರೀ ನೋಡಿದರೆ ಸಾಲದು. 1972ರಲ್ಲಿ ಸ್ಟಾನ್ಲಿ ಮಿಲ್‌ಗ್ರಾಂ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬೇರೊಂದು ವಿಷಯ ತೋರಿಸಿಕೊಟ್ಟರು. ರೈಲು ನಿಲ್ದಾಣದಲ್ಲಿ ದಿನಾ ಒಟ್ಟಿಗೆ ನಿಲ್ಲುವ ಜನ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ಚೆನ್ನಾಗಿ ಗುರುತು ಹಿಡಿಯುತ್ತಾರೆ, ಆದರೂ ಒಂದು ಮಾತು ಆಡುವುದಿಲ್ಲ. ‘ಪರಿಚಿತ ಅಪರಿಚಿತರು’ ಅಂತ ಅವರಿಗೆ ಹೆಸರು ಕೊಟ್ಟರು. ಮುಖ ಹಳೆಯದಾದಷ್ಟೂ ಮಾತು ಶುರು ಮಾಡೋದು ಮುಜುಗರ. ಇಷ್ಟು ದಿನ ಸುಮ್ನೆ ಇದ್ದು ಇವತ್ತು ಯಾಕಪ್ಪಾ ಮಾತಾಡಿಸುತ್ತಿದ್ದಾರೆ ಅಂತ ಆಗುತ್ತದಲ್ಲ, ಹಾಗೆ.

ಇಲ್ಲಿ ನಾಯಿ ನಡುವೆ ಬರುತ್ತದೆ. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2000ದಲ್ಲಿ ಇದನ್ನು ಪರೀಕ್ಷೆ ಮಾಡಿದರು. ಒಬ್ಬರೇ ವ್ಯಕ್ತಿ ಕೆಲವು ದಿನ ನಾಯಿ ಜೊತೆ, ಕೆಲವು ದಿನ ನಾಯಿ ಇಲ್ಲದೆ ತಮ್ಮ ಮಾಮೂಲಿ ಓಡಾಟ ಮಾಡಿದರು. ನಾಯಿ ಜೊತೆಗಿದ್ದಾಗ ಮಾತಾಡಿಸಿದವರು ತುಂಬಾ ಜಾಸ್ತಿ, ಅದರಲ್ಲೂ ಹೊಸಬರೇ ಜಾಸ್ತಿ. ಆ ನಾಯಿ ಯಾರ ಮೈಮೇಲೂ ಬೀಳದಂತೆ, ಯಾರನ್ನೂ ತಾನಾಗಿ ಕರೆಯದಂತೆ ಪಳಗಿಸಿದ ನಾಯಿ. ಸುಮ್ಮನೆ ಜೊತೆಗಿದ್ದರೂ ಸಾಕಾಯಿತು. ಹಳೇ ಹರಕು ಬಟ್ಟೆ ಹಾಕಿಕೊಂಡು ಹೋದಾಗಲೂ ನಾಯಿ ಇದ್ದರೆ ಜನ ಮಾತಾಡಿಸಿದರು. ‘ನಾನು ಈಗ ಯಾರ ಕಣ್ಣಿಗೂ ಬೀಳುವಂತೆ ಇಲ್ಲ’ ಅಂತ ನೀವು ಪತ್ರದಲ್ಲಿ ಬರೆದಿದ್ದೀರಲ್ಲ, ಅದಕ್ಕೇ ಇದನ್ನು ಹೇಳಿದೆ.

ಇಬ್ಬರು ದೊಡ್ಡವರು ಎದುರಾಬದುರಾ ನಿಂತು ಒಬ್ಬರನ್ನೊಬ್ಬರು ನೋಡುತ್ತಾ ಮಾತಾಡೋದು ಭಾರ. ಇಬ್ಬರೂ ಕೆಳಗೆ ನೋಡುತ್ತಾ, ಮೂಸಿಕೊಳ್ಳುತ್ತಿರುವ ಎರಡು ನಾಯಿಗಳ ಬಗ್ಗೆ ಮಾತಾಡೋದು ಹಗುರ. ಮಾತು ಸಾಕಾದರೆ ನಾಯಿ ಎಳೆಯಿತು ಅಂತ ಹೊರಡಬಹುದು. ಮಾತು ಬೇಕಾದರೆ ನಾಯಿ ಮೂಸುತ್ತಿದೆ ಅಂತ ನಿಲ್ಲಬಹುದು. ಸುಟ್ಟ ಕೈಯವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದಿಲ್ಲ. ನಾಲ್ಕು ವರ್ಷದಿಂದ ಬಾಗಿಲು ಹಾಕಿಕೊಂಡಿದ್ದ ನೀವು ಒಬ್ಬ ಹೊಸ ಮನುಷ್ಯನ ಜೊತೆ ಎಂಟು ತಿಂಗಳು ಮಾತಾಡಿದ್ದೀರಿ, ನಿಮಗೇ ಗೊತ್ತಾಗದ ಹಾಗೆ. ಯಾರಾದರೂ ‘ಇವರನ್ನು ಒಮ್ಮೆ ನೋಡಿ’ ಅಂತ ನೇರವಾಗಿ ತೋರಿಸಿದ್ದರೆ ನೀವು ಆ ದಿನವೇ ಬೇಡ ಅನ್ನುತ್ತಿದ್ದಿರಿ.

ಇಲ್ಲಿವರೆಗೆ ಕರಿಯನ ಪಾಲು. ಅವನಿಗೆ ಅದರ ಋಣ ಇರಲಿ. ಮುಂದಿನದು ಸ್ವಲ್ಪ ಬೇರೆ.

ನೀವು ಕೇಳಿದ್ದೀರಿ, ಕರಿಯ ಅವರನ್ನು ಕಂಡರೆ ಕುಣಿಯುತ್ತಾನೆ, ಹಾಗಾದರೆ ಅವರು ಒಳ್ಳೆಯವರೇ ಇರಬೇಕು ಅಲ್ವಾ ಅಂತ. ಇದನ್ನು ತುಂಬಾ ಜನ ನಂಬುತ್ತಾರೆ. ‘ನಾಯಿಗೆ ಮನುಷ್ಯ ಗೊತ್ತಾಗುತ್ತೆ’ ಅಂತಾರೆ. ಅದರಲ್ಲಿ ಅರ್ಧ ನಿಜ ಇದೆ. 2015ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಸಾಕಿದವರು ಒಂದು ಡಬ್ಬಿ ತೆಗೆಯೋಕೆ ಒದ್ದಾಡುತ್ತಾ ಪಕ್ಕದವರ ಸಹಾಯ ಕೇಳುತ್ತಾರೆ. ಕೆಲವು ಸಲ ಪಕ್ಕದವರು ಮುಖ ತಿರುಗಿಸುತ್ತಾರೆ. ಹಾಗೆ ಮುಖ ತಿರುಗಿಸಿದವರು ಆಮೇಲೆ ತಿನ್ನೋಕೆ ಏನಾದರೂ ಕೊಟ್ಟರೆ ನಾಯಿಗಳು ಅವರ ಕೈಯಿಂದ ತಗೊಳ್ಳೋಕೆ ಹಿಂದೆ ಸರಿದವು. ಅಂದರೆ ನಮ್ಮ ಜೊತೆ ಯಾರು ಹೇಗೆ ನಡೆದುಕೊಳ್ಳುತ್ತಾರೆ ಅಂತ ನಾಯಿ ನೋಡುತ್ತಿರುತ್ತದೆ. ಆದರೆ ಅದು ಕಣ್ಣೆದುರಿಗೆ ಆದ ಎರಡು ನಿಮಿಷದ ವಿಷಯ. ಒಬ್ಬ ಮನುಷ್ಯ ಕೊಟ್ಟ ಮಾತು ಉಳಿಸಿಕೊಳ್ಳುತ್ತಾನಾ, ಸಾಲ ಮುಚ್ಚಿಟ್ಟಿದ್ದಾನಾ, ಮೊದಲ ಹೆಂಡತಿ ಬಗ್ಗೆ ಹೇಳಿದ್ದು ನಿಜವಾ, ಇದೆಲ್ಲ ನಾಯಿಯ ಮೂಗಿಗೆ ಗೊತ್ತಾಗಲ್ಲ. ಕರಿಯ ಕುಣಿಯೋದಕ್ಕೆ ಅವರ ಜೇಬಲ್ಲಿ ಇರುವ ಬಿಸ್ಕತ್ತೂ ಕಾರಣ ಇರಬಹುದು, ಗುಂಡನ ವಾಸನೆಯೂ ಕಾರಣ ಇರಬಹುದು.

ಇನ್ನೊಂದು ಎಚ್ಚರ. ಅದೇ 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದ ಮಿಹೋ ನಾಗಾಸಾವ ಮತ್ತು ಅವರ ಜೊತೆಯವರು, ನಾಯಿ ಮತ್ತು ಅದನ್ನು ಸಾಕಿದವರು ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರುತ್ತದೆ ಅಂತ ತೋರಿಸಿದರು. ತಾಯಿ ಮಗುವಿನ ನಡುವೆ ಬಾಂಧವ್ಯ ಬೆಳೆಸುವ ಹಾರ್ಮೋನ್ ಅದು. ಮನುಷ್ಯರೇ ಕೈಯಾರೆ ಸಾಕಿದ ತೋಳಗಳಲ್ಲಿ ಹೀಗೆ ಆಗಲಿಲ್ಲ. ಬೆಳಗಿನ ಆ ಹೊತ್ತಿನಲ್ಲಿ ನಿಮ್ಮ ಎದೆ ಹಗುರ ಆಗಿರುತ್ತದೆ, ಮೈ ಬೆಚ್ಚಗಿರುತ್ತದೆ, ತಾಜಾ ಗಾಳಿ, ನಡೆದ ಉಲ್ಲಾಸ, ಕರಿಯನ ಕಣ್ಣು. ಅದೇ ಹೊತ್ತಿಗೆ ಅವರೂ ಎದುರಿಗೆ ಇರುತ್ತಾರೆ. ಆ ಬೆಚ್ಚಗೆಯಲ್ಲಿ ಯಾರ ಪಾಲು ಎಷ್ಟು ಅಂತ ಅಲ್ಲೇ ನಿಂತು ಲೆಕ್ಕ ಹಾಕೋಕೆ ಆಗಲ್ಲ. ನಾಯಿ ಬಿಟ್ಟು ಬನ್ನಿ ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಹಾಗಾದರೆ ಅವರ ಬಗ್ಗೆ ನಿಮಗೆ ಏನೂ ಗೊತ್ತಿಲ್ಲವಾ? ಗೊತ್ತಿದೆ. ಕರಿಯ ಅವರನ್ನು ಹೇಗೆ ನೋಡುತ್ತಾನೆ ಅನ್ನೋದನ್ನು ಬಿಡಿ. ಅವರು ನಾಯಿಗಳ ಜೊತೆ ಹೇಗಿದ್ದಾರೆ ಅನ್ನೋದನ್ನು ನೋಡಿ. ನಾಯಿ ಮುದ್ದಾಗಿರುವಾಗ ಎಲ್ಲರೂ ಒಳ್ಳೆಯವರೇ. ನಾಯಿ ಹಟ ಮಾಡಿದಾಗ, ತಡ ಮಾಡಿದಾಗ, ಹೊಸ ಪ್ಯಾಂಟಿನ ಮೇಲೆ ಕೆಸರು ಹಾರಿಸಿದಾಗ ಮನುಷ್ಯ ಹೊರಗೆ ಬರುತ್ತಾನೆ. ಹಿಂದೆ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹೆಂಗಸು ಒಬ್ಬರನ್ನು ಮದುವೆ ಆಗುವ ಹಂತಕ್ಕೆ ಬಂದಿದ್ದರು. ಆತ ಎಲ್ಲರೆದುರು ನಾಯಿಯನ್ನು ಎತ್ತಿ ಮುದ್ದಾಡುತ್ತಿದ್ದ. ಒಂದು ದಿನ ಈಕೆ ಸ್ವಲ್ಪ ಬೇಗ ಹೋದಾಗ, ಮೂಸುತ್ತಾ ನಿಂತ ನಾಯಿಯ ಕುತ್ತಿಗೆ ಬೆಲ್ಟನ್ನು ಅದು ಕುಂಯ್ಗುಡುವ ಹಾಗೆ ಜಗ್ಗಿದ್ದನ್ನು ಕಂಡರು. ಈಕೆಯನ್ನು ನೋಡಿದ ತಕ್ಷಣ ಆತನ ಮುಖ ಬದಲಾಯಿತು. ನಾಯಿಯ ಬಾಲ ಮಾತ್ರ ಕಾಲಿನ ಸಂದಿಯಲ್ಲೇ ಇತ್ತು. ಆಕೆ ಅಲ್ಲಿಗೆ ನಿಲ್ಲಿಸಿದರು. ನಾನು ಆಗ ಏನೂ ಹೇಳಬೇಕಾಗಲಿಲ್ಲ.

ನಿಮ್ಮ ಪತ್ರದಲ್ಲಿ ಇದಕ್ಕೆ ಸರೀ ಎದುರಾದ ಚಿತ್ರ ಇದೆ. ನೀವು ಬಿದ್ದ ದಿನದ್ದು. ಅದನ್ನು ನೀವು ನಾಲ್ಕೇ ಸಾಲಿನಲ್ಲಿ ಬರೆದಿದ್ದೀರಿ, ನಾನು ಮಾತ್ರ ತುಂಬಾ ಹೊತ್ತು ಅಲ್ಲೇ ನಿಂತೆ. ಒಬ್ಬ ಹೆಂಗಸು ಕಣ್ಣೆದುರಿಗೆ ಬಿದ್ದಾಗ ಸಾಮಾನ್ಯವಾಗಿ ಗಂಡಸರು ಓಡಿ ಬಂದು ಕೈ ಹಿಡಿದು ಎತ್ತುತ್ತಾರೆ. ಇವರು ಮೊದಲು ಹಗ್ಗ ತುಳಿದರು. ಕರಿಯ ರಸ್ತೆಗೆ ಓಡಿದರೆ ನೀವು ಎದ್ದ ಮೇಲೂ ಬಿದ್ದ ಹಾಗೇ ಅಂತ ಅವರಿಗೆ ಗೊತ್ತಿತ್ತು. ಆಮೇಲೆ ಒದ್ದೆ ನೆಲದಲ್ಲಿ ನಿಮ್ಮ ಪಕ್ಕ ಕೂತರು. ನಿಮ್ಮನ್ನು ಮುಟ್ಟಲಿಲ್ಲ. ಎಲ್ಲಿ ನೋವಾಗಿದೆ ಅಂತ ನಿಮಗೇ ಗೊತ್ತಾಗುವಷ್ಟು ಸಮಯ ಕೊಟ್ಟರು. ಬಿದ್ದವರನ್ನು ತಟ್ಟನೆ ಎಳೆದು ಎಬ್ಬಿಸಬಾರದು, ಮೂಳೆಗೆ ಏನಾದರೂ ಆಗಿದ್ದರೆ ಜಾಸ್ತಿ ಆಗುತ್ತದೆ ಅನ್ನೋದು ಬೇರೆ ವಿಷಯ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ. ಆದರೆ ನಿಮಗೆ ಮುಖ್ಯ ಯಾವುದು ಅಂತ ಆ ಗಳಿಗೆಯಲ್ಲಿ ಅವರಿಗೆ ಹೊಳೆಯಿತಲ್ಲ, ಅದು ಕಲಿತು ಬರುವುದಲ್ಲ. ನಿಮ್ಮ ನಿದ್ದೆ ಹೋಗಿದ್ದರಲ್ಲಿ ನನಗೆ ಆಶ್ಚರ್ಯ ಇಲ್ಲ.

ಇಷ್ಟು ಒಳ್ಳೆಯ ಸುಳಿವು ಕೈಯಲ್ಲಿದ್ದೂ, ಮೊದಲು ನಾಯಿ ಇಲ್ಲದೆ ಕೂತು ನೋಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಇನ್ನೊಂದು ಜೋಡಿಯ ಕಥೆ ಗೊತ್ತು. ಇಬ್ಬರೂ 50 ದಾಟಿದವರು, ಇಬ್ಬರಿಗೂ ನಾಯಿ. ಒಂದು ವರ್ಷ ದಿನಾ ಜೊತೆಗೆ ನಡೆದರು. ಇದು ಮದುವೆಗೇ ಹೋಗುತ್ತದೆ ಅಂತ ಇಬ್ಬರ ಮನಸ್ಸಲ್ಲೂ ಇತ್ತು. ಮೊದಲ ಸಲ ನಾಯಿಗಳನ್ನು ಬಿಟ್ಟು ಒಂದು ಸಂಜೆ ಕೂತರು. 20 ನಿಮಿಷಕ್ಕೆ ಮಾತು ಮುಗಿಯಿತು. ಒಬ್ಬರಿಗೆ ಓದು ಬೇಕು, ಇನ್ನೊಬ್ಬರಿಗೆ ಪ್ರವಾಸ. ಒಬ್ಬರಿಗೆ ದೇವರಲ್ಲಿ ನಂಬಿಕೆ, ಇನ್ನೊಬ್ಬರಿಗೆ ಅದು ಸಿಟ್ಟು ಬರಿಸುವ ವಿಷಯ. ಇಬ್ಬರೂ ಒಳ್ಳೆಯವರು, ಇಬ್ಬರೂ ಅದನ್ನು ಒಪ್ಪಿಕೊಂಡರು. ಮರುದಿನ ಬೆಳಿಗ್ಗೆ ಮತ್ತೆ ನಾಯಿ ಹಿಡಿದುಕೊಂಡು ಜೊತೆಗೆ ನಡೆದರು. ಈಗಲೂ ನಡೆಯುತ್ತಾರೆ, ಸ್ನೇಹಿತರಾಗಿ. ವಾಕಿಂಗ್ ಕಳೆದುಹೋಗುತ್ತದೆ ಅನ್ನೋ ನಿಮ್ಮ ಭಯಕ್ಕೆ ಇದೇ ನನ್ನ ಉತ್ತರ. ಸರಿಯಾಗಿ ಮಾತಾಡಿಕೊಂಡು ‘ಬೇಡ’ ಅಂದವರು ಅದೇ ದಾರಿಯಲ್ಲಿ ಮತ್ತೆ ನಡೆಯಬಹುದು. ಉತ್ತರ ಕೊಡದೆ ತಪ್ಪಿಸಿಕೊಂಡು ಓಡಾಡಿದರೆ ಮಾತ್ರ ದಾರಿ ಬದಲಿಸಬೇಕಾಗುತ್ತದೆ. ಒಂದು ವಾರದಿಂದ ನೀವು ಉತ್ತರ ಕೊಟ್ಟಿಲ್ಲ. ಅವರು ಈಗ ಏನು ಅಂದುಕೊಂಡಿರಬಹುದು ಅಂತ ಒಮ್ಮೆ ಯೋಚಿಸಿ. ‘ಯೋಚಿಸುತ್ತಿದ್ದೇನೆ, ಬೇಡ ಅಂತಲ್ಲ’ ಅಂತ ನಾಳೆ ಬೆಳಿಗ್ಗೆಯೇ ಹೇಳಿ. ಅಷ್ಟು ಹೇಳಿದರೆ ಸದ್ಯಕ್ಕೆ ಸಾಕು.

ಈಗ ನಿಮ್ಮ ಗಂಡನ ವಿಷಯ. ಇದಕ್ಕೆ ನಿಧಾನ ಬೇಕು.

‘ಮೋಸ’ ಅನ್ನೋ ಮಾತು ನೀವು ಬರೆದಿದ್ದೀರಿ. ದುಃಖ ಅನ್ನೋದು ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯುವ ರಸ್ತೆ ಅಂತ ಹಿಂದೆ ಹೇಳುತ್ತಿದ್ದರು, ಹಂತ ಹಂತವಾಗಿ ದಾಟಬೇಕು ಅಂತ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ 1999ರಲ್ಲಿ ಬೇರೆ ಥರ ಹೇಳಿದರು, ನನಗೆ ಅದೇ ಸರಿ ಅನಿಸುತ್ತದೆ. ಕಳೆದುಕೊಂಡವರು ಎರಡು ಕಡೆಗೆ ತೂಗುತ್ತಿರುತ್ತಾರೆ. ಒಂದು ಗಳಿಗೆ ಹೋದವರ ಕಡೆಗೆ, ಇನ್ನೊಂದು ಗಳಿಗೆ ಮುಂದಿನ ಬದುಕಿನ ಕಡೆಗೆ. ಬೆಳಿಗ್ಗೆ ಹೊಸ ಸೀರೆ ಉಟ್ಟು ಹೊರಟವರು ಸಂಜೆ ಹಳೇ ಶರ್ಟು ಹಿಡಿದು ಅಳುತ್ತಾರೆ. ಅದರಲ್ಲಿ ಒಂದು ನಿಜ ಇನ್ನೊಂದು ಸುಳ್ಳು ಅಂತ ಇಲ್ಲ. ಹಾಗೆ ತೂಗುವುದೇ ಆರೋಗ್ಯ. ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ಕಷ್ಟ. ಅವರನ್ನು ಮರೆತರೆ ಮಾತ್ರ ಇವರನ್ನು ಪ್ರೀತಿಸಬಹುದು ಅಂತ ಯಾರಾದರೂ ನಿಮಗೆ ಹೇಳಿದ್ದರೆ ಆ ಮಾತನ್ನು ಬಿಟ್ಟುಬಿಡಿ. ಮರೆಯೋ ಅಗತ್ಯ ಇಲ್ಲ.

ಕರಿಯನನ್ನೇ ನೋಡಿ. ಚಪ್ಪಲಿ ಪಕ್ಕ ಮಲಗುತ್ತಿದ್ದವನು ಈಗ ಗುಂಡನ ಕೊರಳ ಗೆಜ್ಜೆ ಕೇಳಿದರೆ ಹಗ್ಗ ಎಳೆಯುತ್ತಾನೆ ಅಂತ ನೀವೇ ಬರೆದಿದ್ದೀರಿ, ಸ್ವಲ್ಪ ಬೇಜಾರಿನಿಂದಲೇ ಬರೆದಿದ್ದೀರಿ ಅನಿಸಿತು. ಅವನು ನಿಮ್ಮ ಗಂಡನನ್ನು ಮರೆತಿದ್ದಾನೆ ಅಂತ ನಿಮಗೆ ಅನಿಸುತ್ತದಾ? ನನಗೆ ಹಾಗೆ ಅನಿಸುವುದಿಲ್ಲ. ನಾಯಿಗೆ ಪಾಪಪ್ರಜ್ಞೆ ಇಲ್ಲ, ಅಷ್ಟೇ ವ್ಯತ್ಯಾಸ. ಎದ್ದು ಹೋಗಬೇಕು ಅನಿಸಿದ ದಿನ ಅವನು ಎದ್ದು ಬಂದ. ನಿಮಗೆ ಆ ಪಾಪಪ್ರಜ್ಞೆ ಇರುವುದೂ ಸಹಜವೇ, ಅದನ್ನು ಒದ್ದು ಓಡಿಸಬೇಕಿಲ್ಲ. ಅದು ಇದ್ದಾಗಲೂ ನೀವು ನಡೆಯಬಹುದು.

ಆ ‘ಅವರು’ ವಿಷಯಕ್ಕೆ ಬರುತ್ತೇನೆ. ಇಬ್ಬರಿಗೂ ಒಂದೇ ಪದ ಬಳಸುತ್ತಿರುವ ತನಕ ಮನಸ್ಸಿನಲ್ಲಿ ಇಬ್ಬರೂ ಒಂದೇ ಕುರ್ಚಿಗೆ ಕಾದು ನಿಂತ ಹಾಗೆ ಆಗುತ್ತದೆ. ಒಬ್ಬರು ಕೂತರೆ ಇನ್ನೊಬ್ಬರು ಏಳಬೇಕು. ಹಾಗಿಲ್ಲ. ಇವರಿಗೆ ಇವರದೇ ಹೆಸರಿದೆ. ಮನೆಯಲ್ಲಿ ಒಬ್ಬರೇ ಇದ್ದಾಗ ಅದನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಕರಿಯನಿಗೇ ಹೇಳಿ ಬೇಕಾದರೆ, ‘ನಾಳೆ ಇಂಥವರು ಸಿಗುತ್ತಾರೆ’ ಅಂತ ಹೆಸರು ಹಿಡಿದು. ಇದು ಸಣ್ಣದು ಅನಿಸಬಹುದು. ಈ ಕೆಲಸ ಹೇಳಿದ ಮೇಲೆ ಎಷ್ಟೋ ಜನ ಹೆಸರು ಬಾಯಿಗೆ ಬಂದ ತಕ್ಷಣ ಅತ್ತಿದ್ದಾರೆ, ಅತ್ತ ಮೇಲೆ ಹಗುರ ಆಗಿದ್ದಾರೆ. ಹೋದ ‘ಅವರು’ ಅಲ್ಲೇ ಇರಲಿ, ಆ ಪದ ಅವರದ್ದೇ ಆಗಿರಲಿ.

ಮಗಳಿಗೆ ಈಗಲೇ ಏನೂ ಹೇಳಬೇಡಿ. ಹೇಳೋದಕ್ಕೆ ಇನ್ನೂ ಏನೂ ಆಗಿಲ್ಲ. ಎರಡು ಮೂರು ಸಲ ಕೂತು ಮಾತಾಡಿದ ಮೇಲೂ ಮನಸ್ಸು ಇದೇ ಕಡೆ ಇದ್ದರೆ ಆಗ ಹೇಳಿ, ಬೇರೆಯವರಿಂದ ಅವಳ ಕಿವಿಗೆ ಬೀಳುವ ಮೊದಲು. ಅಪ್ಪಣೆ ಕೇಳುವ ಹಾಗೆ ಕೇಳಬೇಡಿ, ‘ನಿನಗೆ ಇಷ್ಟ ಇಲ್ಲದಿದ್ದರೆ ಬಿಟ್ಟುಬಿಡುತ್ತೇನೆ’ ಅಂತ ಶುರು ಮಾಡಬೇಡಿ. ಹಾಗಂದರೆ ನಿಮ್ಮ ಬದುಕಿನ ಭಾರ ಅವಳ ತಲೆ ಮೇಲೆ ಇಟ್ಟ ಹಾಗೆ. ಅವಳು ಸಿಟ್ಟಾಗಬಹುದು. ನೀವು ಗಂಡನನ್ನು ಕಳೆದುಕೊಂಡಿರಿ, ಅವಳು ಅಪ್ಪನನ್ನು ಕಳೆದುಕೊಂಡಳು. ಗಂಡನ ಜಾಗಕ್ಕೆ ಇನ್ನೊಬ್ಬರು ಬರಬಹುದು, ಅಪ್ಪನ ಜಾಗಕ್ಕೆ ಯಾರೂ ಬರುವುದಿಲ್ಲ. ಅವಳ ಸಿಟ್ಟಿನ ಒಳಗೆ ಇರೋದು ಇದೇ. ‘ನಿನ್ನ ಅಪ್ಪನ ಜಾಗ ಹಾಗೇ ಇದೆ’ ಅಂತ ಅವಳು ಕೇಳುವ ಮೊದಲೇ ಹೇಳಿ. ಆಮೇಲೆ ಅವಳಿಗೆ ಸಮಯ ಕೊಡಿ. ತಿಂಗಳುಗಳೇ ಬೇಕಾಗಬಹುದು.

‘ಜನ ಏನಂತಾರೆ’ ಅಂತಲೂ ಬರೆದಿದ್ದೀರಿ. ಏನಾದರೂ ಅಂತಾರೆ. ನೀವು ಒಬ್ಬರೇ ಕೂತು ಕೊರಗಿದರೂ ಏನಾದರೂ ಅಂತಾರೆ.

ಎರಡು ಮಾತು ಬೇಗ ಹೇಳಿ ಮುಗಿಸುತ್ತೇನೆ, ಯಾರೂ ಹೇಳಿರುವುದಿಲ್ಲ ಅಂತ. ಒಂದು, ದುಡ್ಡು. ಅವರು ಎಷ್ಟೇ ಒಳ್ಳೆಯವರಾದರೂ ಮೊದಲ ಒಂದು ವರ್ಷ ಸಾಲ ಕೊಡೋದು, ಸಾಲಕ್ಕೆ ಜಾಮೀನು ಹಾಕೋದು, ಜಂಟಿ ಖಾತೆ ತೆಗೆಯೋದು ಬೇಡ. ಮನೆ ನಿಮ್ಮ ಹೆಸರಲ್ಲೇ ಇರಲಿ. ಒಳ್ಳೆಯವರಾಗಿದ್ದರೆ ಇದರಿಂದ ಅವರಿಗೆ ಬೇಜಾರಾಗಲ್ಲ. ಎರಡು, ಮೈ. 51ರಲ್ಲಿ ಆಸೆ ಇರುವುದು ನಾಚಿಕೆಯ ವಿಷಯ ಅಲ್ಲ. ಮುಟ್ಟು ಪೂರ್ತಿ ನಿಂತು 12 ತಿಂಗಳು ಆಗುವ ತನಕ ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇದೆ. ಸೋಂಕಿಗಂತೂ ವಯಸ್ಸಿನ ಲೆಕ್ಕ ಇಲ್ಲ. ಅಲ್ಲಿಯ ತನಕ ಬಂದರೆ ಮೊದಲು ಡಾಕ್ಟರ ಹತ್ತಿರ ಒಂದು ಸಲ ಮಾತಾಡಿ, ನೋವಿದ್ದರೂ ಹೇಳಿ, ಅದಕ್ಕೆ ಔಷಧಿ ಇದೆ.

ಈಗ ನಿಮ್ಮ ಪತ್ರದ ಕೊನೆಯ ಸಾಲು. ‘ಕರಿಯನಿಗೂ ವಯಸ್ಸಾಯಿತು, ಅವನು ಹೋದ ಮೇಲೆ ಇದೆಲ್ಲ ಏನಾಗುತ್ತೋ’ ಅಂತ ಬರೆದು ನಿಲ್ಲಿಸಿದ್ದೀರಿ. ಇಡೀ ಪತ್ರದಲ್ಲಿ ನನಗೆ ಜಾಸ್ತಿ ಕಾಡಿದ್ದು ಇದೇ. 10 ವರ್ಷ ಅಂದರೆ ನಾಯಿಗೆ ಮುಪ್ಪು ಶುರುವಾದ ಹಾಗೆ. ಚಿಕ್ಕ ಜಾತಿಯವು 14–15ರ ತನಕ ಇರುತ್ತವೆ, ದೊಡ್ಡವು ಅಷ್ಟು ಇರುವುದಿಲ್ಲ. ಆ ದಿನ ಬಂದಾಗ ನಿಮಗೆ ಎರಡು ಸಾವಿನ ದುಃಖ ಒಟ್ಟಿಗೆ ಬರುತ್ತದೆ. ಯಾಕೆಂದರೆ ಕರಿಯನ ಜೊತೆ ನಿಮ್ಮ ಗಂಡ ಕೈಯಾರೆ ಬೆಳೆಸಿದ್ದೊಂದು ಹೋಗುತ್ತದೆ. ಸುತ್ತಲಿನವರು ‘ಒಂದು ನಾಯಿ ತಾನೇ’ ಅಂತಾರೆ. ಹೀಗೆ ಬೇರೆಯವರು ದುಃಖ ಅಂತಲೇ ಒಪ್ಪದ ದುಃಖದ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕ 1989ರಿಂದಲೇ ಬರೆಯುತ್ತಾ ಬಂದಿದ್ದಾರೆ. ಅಳೋಕೆ ಜಾಗ ಸಿಗದೇ ಹೋಗುವುದೇ ಅದರ ದೊಡ್ಡ ಕಷ್ಟ. ಕರಿಯ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲದ ಒಬ್ಬರು ಆ ಹೊತ್ತಿಗೆ ಪಕ್ಕದಲ್ಲಿದ್ದರೆ, ಗಂಡನೋ ಸ್ನೇಹಿತನೋ ಏನೇ ಆಗಿರಲಿ, ಅದು ಸಣ್ಣ ವಿಷಯ ಅಲ್ಲ. ಗುಂಡನ ವಯಸ್ಸೆಷ್ಟು ಅಂತ ನೀವು ಬರೆದಿಲ್ಲ. ಅವರಿಗೂ ಇದೇ ಭಯ ಇರಬಹುದು. ಕೇಳಿ. ನಿಮ್ಮ ಮೊದಲ ಸಂಜೆಗೆ ಒಳ್ಳೆಯ ಮಾತು ಅದು.

ಆ ಸಂಜೆ ಹೊರಡುವ ಮೊದಲು ಕರಿಯನನ್ನು ಒಂದು ಸುತ್ತು ಚೆನ್ನಾಗಿ ನಡೆಸಿಕೊಂಡು ಬನ್ನಿ, ದಣಿದ ನಾಯಿ ನೆಮ್ಮದಿಯಾಗಿ ಮಲಗುತ್ತದೆ. ಅವನಿಗೆ ಒಬ್ಬನೇ ಇದ್ದು ಅಭ್ಯಾಸ ಇಲ್ಲದಿದ್ದರೆ ಈ ವಾರವೇ ಹತ್ತು ನಿಮಿಷ, ಅರ್ಧ ಗಂಟೆ ಅಂತ ಬಿಟ್ಟು ಹೋಗಿ ರೂಢಿ ಮಾಡಿಸಿ. ಹೊರಡುವಾಗ ದೊಡ್ಡದಾಗಿ ಮುದ್ದಾಡಿ ಬೀಳ್ಕೊಡಬೇಡಿ, ಸುಮ್ನೆ ಬಾಗಿಲು ಹಾಕಿಕೊಂಡು ಹೋಗಿ. ನಿಮ್ಮ ಗಂಡನ ಚಪ್ಪಲಿ ಇನ್ನೂ ಅಲ್ಲೇ ಇದ್ದರೆ ಅಲ್ಲೇ ಇರಲಿ, ಅದನ್ನು ಎತ್ತಿಡೋದು ಬೇಡ. ಕೂತಾಗ ಮೊದಲ ಐದು ನಿಮಿಷ ಇಬ್ಬರ ಕೈಗೂ ಏನು ಮಾಡಬೇಕು ಅಂತ ಗೊತ್ತಾಗಲ್ಲ, ಹಗ್ಗ ಇರುವುದಿಲ್ಲ ಅಲ್ವಾ. ಅದು ಸರಿಹೋಗುತ್ತದೆ. ಒಂದು ಗಂಟೆ ಸಾಕು, ಎರಡು ಗಂಟೆ ಆದರೂ ಎದ್ದು ಬನ್ನಿ. ಮನೆಗೆ ಬಂದಾಗ ಕರಿಯ ನಿಮ್ಮ ಕೈಯನ್ನು ತುಂಬಾ ಹೊತ್ತು ಮೂಸುತ್ತಾನೆ, ಯಾರ ಹತ್ತಿರ ಹೋಗಿದ್ದಿರಿ ಅಂತ ಅವನಿಗೆ ಗೊತ್ತಾಗಿಬಿಡುತ್ತದೆ.